ಜಾಲದಲ್ಲಿ ಮನೆ ಕಟ್ಟಿದವರು

ಮರಾಠಿಯಲ್ಲಿ ಹವ್ಯಾಸವೆಂದರೆ ಅತಿಯಾಸೆ, ಹಿಡಿದರೆ ಬಿಡದ ಹಂಬಲ. ಕನ್ನಡದಲ್ಲಿ ಅದೇ ಶಬ್ದ ಬಿಡುವಿನ ಹೊತ್ತಿನಲ್ಲಿ ಪ್ರೀತಿಯಿಂದ ಮಾಡುವ ಕೆಲಸವೆಂಬ ಸಾಧು ಅರ್ಥವನ್ನು ಪಡೆದಿದೆ. ಮುಂಬಯಿ, ಪುಣೆಗಳಲ್ಲಿ ಎರಡೂ ನುಡಿಗಳ ನಡುವೆ ಬಾಳುವೆ ಮಾಡುವ ಕನ್ನಡಿಗರಿಗೆ ಈ ಅರ್ಥಭೇದ ಹೊಸದಲ್ಲ; ತನಗೆ ಓದಿನ ಹವ್ಯಾಸವಿದೆಯೆಂದು ಮರಾಠಿಯಲ್ಲಿ ಹೇಳಹೋದವನು ನೆರೆಮನೆಯವರ ಮುಗುಳ್ನಗೆಗೆ ಗುರಿಯಾಗುವುದುಂಟು. ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿಯಾದರೋ 'ಹವ್ಯಾಸಿ' ಎಂಬುದು 'ವೃತ್ತಿ'ಗೆ ಪ್ರತಿಯಾಗಿ ನಿಂತ ಗೌರವದ ಮಾತು. ಹಗಲೆಲ್ಲ ಬ್ಯಾಂಕಿನಲ್ಲೋ ಗಿರಣಿಯ ಕಚೇರಿಯಲ್ಲೋ ದುಡಿದು, ಸಂಜೆ ಸಂಘದ ಕೋಣೆಯಲ್ಲಿ ತಾಲೀಮು ನಡೆಸಿ, ಕೊನೆಯ ಲೋಕಲ್ ಗಾಡಿಯಲ್ಲಿ ಮನೆ ಸೇರುತ್ತಿದ್ದ ಮುಂಬಯಿಯ ಕನ್ನಡ ನಟರಲ್ಲಿ ಕನ್ನಡದ ಅರ್ಥವೂ ಮರಾಠಿಯ ಅರ್ಥವೂ ಒಟ್ಟಿಗೇ ಇದ್ದವು. ಬರಿಯ ಪ್ರೀತಿಯಿದ್ದು ಆ ಹಂಬಲ ಇಲ್ಲದೆಹೋಗಿದ್ದರೆ ಆ ನಾಟಕಗಳು ರಂಗವೇರುತ್ತಿರಲಿಲ್ಲ.

ಈ ಎರಡು ಅರ್ಥಗಳೂ ಕೂಡಿ ಸಲ್ಲುವ ಇನ್ನೊಂದು ವರ್ಗ ಕಳೆದ ಮೂರು ದಶಕಗಳಲ್ಲಿ ರೂಪುಗೊಂಡಿದೆ. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವುದನ್ನು ಸಂತೋಷಕ್ಕಾಗಿ ಮಾಡುವವರು ಇವರು. ಅಂತರಜಾಲದಲ್ಲಿ ತಮ್ಮದೇ ಒಂದು ತಾಣವನ್ನು ಕಟ್ಟಿ, ವರ್ಷಗಟ್ಟಲೆ ಅದನ್ನು ತಿದ್ದಿ ತೀಡಿ, ಓದುವವರು ಎಷ್ಟು ಮಂದಿಯೆಂಬ ಲೆಕ್ಕಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳದೆ ನಡೆಸಿಕೊಂಡು ಬರುವವರು. ಇವರಲ್ಲಿ ಹಲವರಿಗೆ ಹಗಲಿನ ಉದ್ಯೋಗವೂ ಪ್ರೋಗ್ರಾಮು ಬರೆಯುವುದೇ ಆಗಿರುತ್ತದೆ. ನೂರು ಜನರ ಅಡುಗೆ ಮುಗಿಸಿ ಬಂದ ಅಡುಗೆಭಟ್ಟ ರಾತ್ರಿ ತನ್ನ ಮನೆಯ ಒಲೆಯ ಮೇಲೆ ತನಗೆ ಬೇಕಾದ ಹದದಲ್ಲಿ ಒಂದಿಷ್ಟು ಸಾರು ಕುದಿಸಿಕೊಳ್ಳುವಂತೆ ಇವರ ರಾತ್ರಿಯ ಕೆಲಸ. ಅಲ್ಲಿ ಉಪ್ಪುಹುಳಿಯನ್ನು ನಿರ್ಧರಿಸುವವರು ಬೇರೆ ಯಾರೂ ಅಲ್ಲ.

ಜಾಲವೆಂಬುದು ಹುಟ್ಟಿದ ಬಗೆಯೇ ಇಂಥವರಿಗೆ ಅನುಕೂಲವಾಗಿತ್ತು. ಜಿನೀವಾದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಜನೆ 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದಿಂದ ಹೊರಬಂದ ಮೊಸಾಯಿಕ್ ಎಂಬ ಬ್ರೌಸರು ಚಿತ್ರ ಮತ್ತು ಅಕ್ಷರಗಳನ್ನು ಒಂದೇ ಪುಟದಲ್ಲಿ ತೋರಿಸಿ ಜಾಲಕ್ಕೆ ಜನರನ್ನು ಸೆಳೆಯಿತು. ಆದರೆ ಹವ್ಯಾಸಿಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು ಬ್ರೌಸರಿನ ಒಂದು ಮೂಲೆಯಲ್ಲಿ ಅಡಗಿದ್ದ ಸಣ್ಣ ಸೌಕರ್ಯ: ಯಾವ ಪುಟವನ್ನು ನೋಡುತ್ತಿದ್ದರೂ ಅದನ್ನು ಬರೆದ ಮೂಲ ಸಂಕೇತಗಳನ್ನು ತೆರೆದು ನೋಡಬಹುದಾಗಿತ್ತು. ಇದು ಸಾಮಾನ್ಯ ಸಂಗತಿಯಲ್ಲ. ಯಕ್ಷಗಾನ ನೋಡಲು ಹೋದ ಪ್ರೇಕ್ಷಕನಿಗೆ ಚೌಕಿಯ ಬಾಗಿಲನ್ನೂ ತೆರೆದಿಟ್ಟಂತೆ. ಬಣ್ಣ ಹಚ್ಚುವುದು ಹೇಗೆ, ಕಿರೀಟ ಕಟ್ಟುವುದು ಹೇಗೆ ಎಂಬುದನ್ನು ಕಂಡವನು ಮರುದಿನ ತಾನೇ ಗೆಜ್ಜೆ ಕಟ್ಟಬಹುದು. ಎಷ್ಟೋ ಹುಡುಗರು ಪಾಠಶಾಲೆಯಿಲ್ಲದೆ, ಪಠ್ಯಪುಸ್ತಕವಿಲ್ಲದೆ, ಬೇರೆಯವರ ಪುಟದ ಒಳಮೈಯನ್ನು ನೋಡಿ ನೋಡಿಯೇ ಜಾಲಪುಟ ಬರೆಯಲು ಕಲಿತರು. ಇವರು ಏಕಲವ್ಯನ ಸಂತತಿ. ಹೆಬ್ಬೆರಳನ್ನು ಕೇಳುವ ಗುರು ಮಾತ್ರ ಇರಲಿಲ್ಲ.

ಮೊದಮೊದಲ ವೈಯಕ್ತಿಕ ತಾಣಗಳು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಗಣಕಗಳಲ್ಲಿಯೇ ಇದ್ದವು. ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸ್ವಂತ ಕೋಣೆ, ಅದಕ್ಕೆ 'ಮನೆ' ಎಂದೇ ಹೆಸರು. ಆ ಮನೆಯನ್ನು ಸೂಚಿಸಲು ಅಲೆಯಾಕಾರದ ಒಂದು ಸಣ್ಣ ಗೆರೆ. ವಿಳಾಸದಲ್ಲಿ ಆ ಗೆರೆಯೂ ಅದರ ಮುಂದೆ ಒಂದು ಹೆಸರೂ ಕಂಡರೆ, ದೊಡ್ಡ ಸಂಸ್ಥೆಯ ಹಿತ್ತಿಲಿನಲ್ಲಿ ಯಾರೋ ಒಬ್ಬರು ಗುಡಿಸಲು ಹಾಕಿಕೊಂಡಿದ್ದಾರೆಂದು ತಿಳಿಯಬೇಕು. ಇಂಗ್ಲಿಷಿನವರು ತಾಣದ ಮೊದಲ ಪುಟವನ್ನೂ ಮನೆಯೆಂದೇ ಕರೆದರು. ಕನ್ನಡವು ಅದನ್ನು 'ಮುಖಪುಟ'ವೆಂದು ಕರೆದು ಪುಸ್ತಕದ ಪರಿವಾರಕ್ಕೆ ಸೇರಿಸಿಕೊಂಡಿತು. ಪುಸ್ತಕಪ್ರೀತಿಯ ಭಾಷೆಗೆ ಅದು ಸಹಜವೇ. ಆದರೂ ಆ ಅನುವಾದದಲ್ಲಿ ಮನೆಯೊಂದು ಕಳೆದುಹೋಯಿತೆಂಬುದನ್ನು ಒಪ್ಪಬೇಕು. ಹವ್ಯಾಸಿ ಕಟ್ಟುತ್ತಿದ್ದುದು ಪುಸ್ತಕವನ್ನಲ್ಲ, ಮನೆಯನ್ನು. ಪುಸ್ತಕ ಅಚ್ಚಾದ ಮೇಲೆ ಮುಗಿಯಿತು. ಮನೆ ಕಟ್ಟಿದ ಮೇಲೆ ಶುರುವಾಗುತ್ತದೆ.

1994ರ ಜನವರಿಯಲ್ಲಿ ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ ತನ್ನ ಬದುಕನ್ನೇ ವಸ್ತುವಾಗಿಸಿಕೊಂಡು ಇಂಥ ಒಂದು ತಾಣವನ್ನು ತೆರೆದ. ಅವನ ಹಿಂದೆ ಸಾವಿರಾರು ಮಂದಿ ಬಂದರು. ಆ ಕಾಲದ ತಾಣಗಳಿಗೆ ಒಂದು ಸಾಮಾನ್ಯ ಮುಖಲಕ್ಷಣವಿತ್ತು: ನೋಡಿದವರ ಸಂಖ್ಯೆಯನ್ನು ಎಣಿಸುವ ಒಂದು ಅಂಕಿಪಟ್ಟಿ, ಬಂದುಹೋದವರು ಎರಡು ಮಾತು ಬರೆಯಲು ಒಂದು ಅತಿಥಿ ಪುಸ್ತಕ, ಇಷ್ಟವಾದ ಇತರ ತಾಣಗಳ ಪಟ್ಟಿ, ಮತ್ತು ಸಲಿಕೆ ಹಿಡಿದು ಅಗೆಯುತ್ತಿರುವ ಒಬ್ಬ ಪುಟ್ಟ ಮನುಷ್ಯನ ಚಿತ್ರ. ಕೆಲಸ ಇನ್ನೂ ನಡೆಯುತ್ತಿದೆ, ಲೋಪಗಳಿದ್ದರೆ ಮನ್ನಿಸಿ ಎಂಬುದು ಆ ಚಿತ್ರದ ತಾತ್ಪರ್ಯ. ಕನ್ನಡದ ಓಲೆಗರಿಗಳೊಡನೆ ಒಡನಾಡಿದವರಿಗೆ ಈ ದನಿ ಪರಿಚಿತವಾದುದು. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಕೈತಪ್ಪಿನಿಂದಾದ ದೋಷಗಳನ್ನು ಸಜ್ಜನರು ಕ್ಷಮಿಸಬೇಕೆಂದು ಬೇಡುತ್ತಾನೆ. ಕೆಲವೊಮ್ಮೆ ಬೆನ್ನು ಬಾಗಿದ್ದನ್ನೂ ಕಣ್ಣು ಸೋತದ್ದನ್ನೂ ಹೇಳಿಕೊಂಡು, ಕಷ್ಟಪಟ್ಟು ಬರೆದುದನ್ನು ಜತನದಿಂದ ಕಾಪಾಡಿರೆಂದು ಕೇಳಿಕೊಳ್ಳುತ್ತಾನೆ. ಅಚ್ಚಿನ ಯುಗದಲ್ಲಿ ಮರೆಯಾಗಿದ್ದ ಆ ಬರೆದವನ ಕೈ ಜಾಲದ ಹವ್ಯಾಸಿಗಳಲ್ಲಿ ಮತ್ತೆ ಕಾಣಿಸಿಕೊಂಡಿತು.

ಈ ಪುಟಗಳು ಸಾಹಿತ್ಯವೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಎತ್ತಬಹುದು. ಬಹುಪಾಲು ಅಲ್ಲ. ಬೆಕ್ಕಿನ ಚಿತ್ರ, ಹಳೆಯ ಕ್ಯಾಲ್ಕುಲೇಟರನ್ನು ಬಿಚ್ಚಿದ ವೃತ್ತಾಂತ, ಪ್ರಿಂಟರು ಕೆಟ್ಟಾಗ ಪಟ್ಟ ಪಾಡು ಇವುಗಳಿಗೆ ಸಾಹಿತ್ಯಚರಿತ್ರೆಯಲ್ಲಿ ಅಧ್ಯಾಯ ದೊರೆಯುವುದಿಲ್ಲ. ಆದರೆ ಜ್ಞಾನದ ಚರಿತ್ರೆ ಬರೆಯುವವರು ಇವುಗಳನ್ನು ದಾಟಿ ಹೋಗುವಂತಿಲ್ಲ. ಫ್ರಾನ್ಸಿನ ಫಬ್ರಿಸ್ ಬೆಲ್ಲಾರ್ ಅವರ ತಾಣವನ್ನು ನೋಡಬೇಕು. ಬಣ್ಣವಿಲ್ಲ, ಅಲಂಕಾರವಿಲ್ಲ, ಬಿಳಿಯ ಪುಟದ ಮೇಲೆ ಕೊಂಡಿಗಳ ಒಂದು ಪಟ್ಟಿ. ಜಗತ್ತಿನ ಅಸಂಖ್ಯ ಗಣಕಗಳಲ್ಲಿ ಚಲನಚಿತ್ರ ಮತ್ತು ಧ್ವನಿಯನ್ನು ಸಂಸ್ಕರಿಸುವ ಎಫ್‌ಎಫ್‌ಎಂಪೆಗ್, ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು ಅನುಕರಿಸಿ ತೋರಿಸುವ ಕ್ಯೂಇಎಂಯು ಮುಂತಾದ ತಂತ್ರಾಂಶಗಳನ್ನು ಆರಂಭಿಸಿದವರ ತಾಣ ಅದು ಎಂದರೆ ನಂಬುವುದು ಕಷ್ಟ. 2009ರ ಕೊನೆಯ ದಿನ ಅವರು ಪೈ ಎಂಬ ಗಣಿತ ಸ್ಥಿರಾಂಕದ ಸುಮಾರು 2 ಲಕ್ಷ 70 ಸಾವಿರ ಕೋಟಿ ದಶಮಾಂಶ ಸ್ಥಾನಗಳನ್ನು ಕಂಡುಹಿಡಿದಿರುವುದಾಗಿ ಇದೇ ತಾಣದಲ್ಲಿ ಪ್ರಕಟಿಸಿದರು. ಅದಕ್ಕೆ ಹಿಂದಿನ ದಾಖಲೆ ಮಹಾಗಣಕದ್ದು. ಇವರು ಬಳಸಿದ್ದು ಮೇಜಿನ ಮೇಲಿಡುವ ಸಾಮಾನ್ಯ ಗಣಕವನ್ನು, ಹಿಡಿದದ್ದು ನಾಲ್ಕು ತಿಂಗಳಿಗೂ ಮಿಕ್ಕ ಕಾಲವನ್ನು. ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಬರೆದ ಪುಟ್ಟಿ ಎಂಬ ತಂತ್ರಾಂಶದ ಕಥೆಯೂ ಇಂಥದೇ. ದೂರದ ಗಣಕವನ್ನು ಸುರಕ್ಷಿತವಾಗಿ ಸಂಪರ್ಕಿಸಲು ಬ್ಯಾಂಕು, ಕಾರ್ಖಾನೆ, ಸರಕಾರಿ ಇಲಾಖೆಗಳವರು ಸಹ ಅದನ್ನು ಇಳಿಸಿಕೊಳ್ಳಲು ಬಹುಕಾಲ ಹೋಗಬೇಕಾಗಿದ್ದುದು ಅಲೆಯಾಕಾರದ ಗೆರೆಯುಳ್ಳ ಒಂದು ಹಿತ್ತಿಲ ವಿಳಾಸಕ್ಕೆ. ತಂತ್ರಾಂಶದಲ್ಲಿ ದೋಷ ಕಂಡಾಗ ಅದನ್ನು ಬರೆದವನಿಗೆ ತಿಳಿಸುವುದು ಹೇಗೆಂಬುದನ್ನು ಕುರಿತು ಅವರು ತಮ್ಮ ತಾಣದಲ್ಲಿ ಬರೆದಿಟ್ಟ ಪ್ರಬಂಧ ಹಲವು ಭಾಷೆಗಳಿಗೆ ಅನುವಾದಗೊಂಡಿದೆ. ಗದ್ಯದ ಸ್ಪಷ್ಟತೆಗೆ ಅದು ಮಾದರಿಯೆಂದರೂ ಸಲ್ಲುತ್ತದೆ.

ಹವ್ಯಾಸಿಯಲ್ಲದಿದ್ದರೂ ಹವ್ಯಾಸಿಗಳ ಕುಲಗುರುವೆನಿಸಿದ ಡೊನಾಲ್ಡ್ ಕ್ನೂತ್ ಅವರನ್ನು ಇಲ್ಲಿ ನೆನೆಯದಿದ್ದರೆ ಲೋಪವಾದೀತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ಹಿರಿಯರು 1990ರ ಜನವರಿ 1ರಿಂದ ವಿದ್ಯುನ್ಮಾನ ಅಂಚೆಯನ್ನು ತ್ಯಜಿಸಿ, ಆ ಸಂಗತಿಯನ್ನು ತಮ್ಮ ತಾಣದಲ್ಲಿಯೇ ವಿವರಿಸಿದ್ದಾರೆ. ತಮ್ಮ ಗ್ರಂಥಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2 ಡಾಲರು 56 ಸೆಂಟುಗಳ ಬಹುಮಾನ. ಹದಿನಾರರ ಆಧಾರದ ಎಣಿಕೆಯಲ್ಲಿ 256 ಎಂದರೆ ಸರಿಯಾಗಿ ನೂರು ಎಂಬುದು ಅದರ ಚಮತ್ಕಾರ. ಈ ಪದ್ಧತಿ ಕನ್ನಡದ ಗ್ರಂಥಸಂಪಾದಕರ ನಡುವೆ ಜಾರಿಗೆ ಬಂದರೆ ಎಷ್ಟು ಮಂದಿಯ ನಿವೃತ್ತಿವೇತನ ಕರಗೀತೆಂಬುದನ್ನು ಹೇಳಬರುವುದಿಲ್ಲ.

ಎಲ್ಲರಿಗೂ ವಿಶ್ವವಿದ್ಯಾಲಯದ ಹಿತ್ತಿಲು ದೊರೆಯುವುದಿಲ್ಲವಷ್ಟೆ. ಮನೆ ಕಟ್ಟಿ ನೋಡು ಎಂಬ ಗಾದೆ ಜಾಲಕ್ಕೂ ಅನ್ವಯಿಸುತ್ತದೆ: ಜಾಗ ಬೇಕು, ವಿಳಾಸ ಬೇಕು, ಎರಡಕ್ಕೂ ಹಣ ಬೇಕು. ಈ ತೊಡಕನ್ನು ಬಿಡಿಸಲು ಬಂದದ್ದು ಜಿಯೋಸಿಟೀಸ್. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಈ ಸಂಸ್ಥೆ ಕೇಳಿದವರಿಗೆಲ್ಲ ಬಿಟ್ಟಿಯಾಗಿ ಜಾಗ ಕೊಟ್ಟಿತು. ವಿಷಯಾನುಸಾರ ಓಣಿಗಳು, ಓಣಿಗೊಂದು ಹೆಸರು, ಪ್ರತಿ ಪುಟಕ್ಕೂ ಮನೆಯ ನಂಬರು. ಮುಂಬಯಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೊಂದು ಮಹಾ ಚಾಳು. ಗೋಡೆ ತೆಳುವು, ಬಣ್ಣ ಗಾಢ, ಸದ್ದು ವಿಪರೀತ, ಆದರೆ ನೆರೆಹೊರೆ ಧಾರಾಳ. 1999ರಲ್ಲಿ ಯಾಹೂ ಸಂಸ್ಥೆ ಮುನ್ನೂರೈವತ್ತು ಕೋಟಿ ಡಾಲರುಗಳಿಗೂ ಮಿಕ್ಕ ಬೆಲೆಯಲ್ಲಿ ಈ ಚಾಳನ್ನು ಕೊಂಡುಕೊಂಡಿತು. ಹತ್ತು ವರ್ಷಗಳ ಬಳಿಕ, 2009ರ ಅಕ್ಟೋಬರ್ 26ರಂದು, ಅದನ್ನು ಮುಚ್ಚಿತು. ಚಾಳು ಕೆಡವುವಾಗ ಬಾಡಿಗೆದಾರರಿಗೆ ನೋಟೀಸು ಕೊಡುವಂತೆ ಇಲ್ಲಿಯೂ ಕೆಲವು ತಿಂಗಳ ನೋಟೀಸು ಇತ್ತು. ಆದರೆ ಅಲ್ಲಿ ಮನೆ ಮಾಡಿದ್ದ ಹುಡುಗರು ಅಷ್ಟರಲ್ಲಿ ದೊಡ್ಡವರಾಗಿ, ಬೀಗದ ಕೈಯನ್ನೇ ಎಲ್ಲೋ ಕಳೆದುಕೊಂಡಿದ್ದರು. ಜೇಸನ್ ಸ್ಕಾಟ್ ಎಂಬವರ ಮುಂದಾಳುತನದಲ್ಲಿ ಆರ್ಕೈವ್ ಟೀಮ್ ಎಂಬ ಹವ್ಯಾಸಿಗಳದೇ ಗುಂಪು ಹಗಲಿರುಳು ನಕಲು ಮಾಡಿ, ಸಾಧ್ಯವಾದಷ್ಟನ್ನು ಉಳಿಸಿಕೊಂಡು 2010ರಲ್ಲಿ ಸಾರ್ವಜನಿಕರಿಗೆ ಒದಗಿಸಿತು. ಕೈಗೆ ಸಿಗದೆ ಹೋದದ್ದು ಹೋಯಿತು.

ಚಾಳು ಇನ್ನೂ ನಿಂತಿದ್ದಾಗಲೇ ಬ್ಲಾಗು ಬಂದಿತ್ತು. 1997ರ ಡಿಸೆಂಬರಿನಲ್ಲಿ ಜೋರ್ನ್ ಬಾರ್ಗರ್ 'ವೆಬ್‌ಲಾಗ್' ಎಂಬ ಹೆಸರನ್ನು ಬಳಕೆಗೆ ತಂದರು; 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನು ತಮಾಷೆಗೆ ನಡುವೆ ಮುರಿದು ಬರೆದಾಗ 'ಬ್ಲಾಗ್' ಹುಟ್ಟಿತು. ಅದೇ ವರ್ಷ ಪೈರಾ ಲ್ಯಾಬ್ಸ್ ಹೊರತಂದ ಬ್ಲಾಗರ್ ಎಂಬ ಸೌಲಭ್ಯ ಪುಟಕಟ್ಟುವ ಶ್ರಮವನ್ನು ನಿವಾರಿಸಿತು. ಇದರಿಂದ ಬರೆಯುವವರ ಸಂಖ್ಯೆ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಮನೆಯ ಸ್ವರೂಪವನ್ನು ಬದಲಿಸಿತು. ಬ್ಲಾಗೆಂಬುದು ರೋಜುಕೀರ್ದಿ; ಇಂದಿನದು ಮೇಲೆ, ನಿನ್ನೆಯದು ಕೆಳಗೆ, ಕಳೆದ ವರ್ಷದ್ದು ನೆಲಮಾಳಿಗೆಯಲ್ಲಿ. ಹಳೆಯ ಕೋಣೆಗೆ ಮರಳಿ ಹೋಗಿ ಸುಣ್ಣ ಬಳಿಯುವ ಅಭ್ಯಾಸ ತಪ್ಪಿತು. ಹತ್ತು ವರ್ಷ ತಿದ್ದಿದ ಒಂದು ಪುಟಕ್ಕಿಂತ ಹತ್ತು ನಿಮಿಷಗಳ ಹಿಂದೆ ಬರೆದ ಪುಟವೇ ಮೇಲಾಯಿತು. ಅನಂತರ ಬಂದ ಸಾಮಾಜಿಕ ಜಾಲತಾಣಗಳು ಈ ಧಾವಂತವನ್ನು ಇನ್ನಷ್ಟು ಬೆಳೆಸಿದವೇ ಹೊರತು ಹುಟ್ಟಿಸಲಿಲ್ಲ.

ಕನ್ನಡದ ಪಾಲಿಗೆ ಈ ಇತಿಹಾಸದಲ್ಲಿ ಇನ್ನೊಂದು ತೊಡಕು ಹೆಣೆದುಕೊಂಡಿದೆ, ಮತ್ತು ಅದರ ಒಂದು ಎಳೆ ಮುಂಬಯಿಯಲ್ಲಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿ, ಮುಂದೆ ಮುದ್ರಣ ತಂತ್ರಜ್ಞಾನದಲ್ಲಿ ನುರಿತ ಕೆ. ಪಿ. ರಾಯರು, ಕನ್ನಡ ಅಕ್ಷರವನ್ನು ವ್ಯಂಜನ ಮತ್ತು ಸ್ವರಗಳ ಕೂಡಿಕೆಯೆಂದು ಕಂಡು, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಇಡಿಯ ವರ್ಣಮಾಲೆಯನ್ನು ಅಳವಡಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು, ಅದನ್ನು ಮಾರಾಟದ ಸರಕಾಗಿಸದೆ ಬಳಸುವವರಿಗೆ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರ ಮುಂದೆ ಅಂಗೀಕರಿಸಿದ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಅದೇ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಮುಂಬಯಿ, ದೆಹಲಿ, ಕಲಕತ್ತಾ, ಮದರಾಸುಗಳಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಮರುವರ್ಷವೇ, 1996ರಲ್ಲಿ, ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಗುರುತಿಸಲಾಗುವ 'ವಿಶ್ವಕನ್ನಡ' ಕಾಣಿಸಿಕೊಂಡಿತು. ಅದನ್ನು ಆರಂಭಿಸಿದ ಯು. ಬಿ. ಪವನಜರು ಆಗ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿ. ಕನ್ನಡದ ಪ್ರಾಧ್ಯಾಪಕರಲ್ಲ, ಪತ್ರಿಕೋದ್ಯಮಿಯೂ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಉಚಿತವಾಗಿ ಹೊರತಂದರು. ಕನ್ನಡವನ್ನು ಗಣಕಕ್ಕೆ ಒಗ್ಗಿಸಿದ ಈ ಮೂರು ಪ್ರಯತ್ನಗಳನ್ನೂ ಕೂಡಿಸಿ ನೋಡಿದರೆ ಹವ್ಯಾಸವೆಂಬ ಶಬ್ದದ ಎರಡೂ ಅರ್ಥಗಳು ಮತ್ತೆ ನೆನಪಾಗುತ್ತವೆ. ಹೊರನಾಡಿನ ಕನ್ನಡಿಗರಿಗೆ ಇದು ಬರಿಯ ಅಭಿಮಾನದ ಸಂಗತಿಯಲ್ಲ. ಬೀದಿಯ ಫಲಕದಲ್ಲಿ, ಬಸ್ಸಿನ ನೆತ್ತಿಯಲ್ಲಿ, ಮೂಲೆಯಂಗಡಿಯ ಪತ್ರಿಕೆಯಲ್ಲಿ ಕನ್ನಡಾಕ್ಷರ ಕಾಣದ ಊರಿನಲ್ಲಿರುವವನಿಗೆ ಪರದೆಯ ಮೇಲೆ ಅದು ಮೂಡಿದರೆ ಆಗುವ ಸಂತೋಷ ಒಳನಾಡಿನವರಿಗೆ ಅಷ್ಟಾಗಿ ಅರ್ಥವಾಗಲಾರದು.

ಡೊಂಬಿವಲಿಯಲ್ಲೋ ಚೆಂಬೂರಿನಲ್ಲೋ ಸಿಕಂದರಾಬಾದಿನಲ್ಲೋ ಇದ್ದಿರಬಹುದಾದ ಅಂಥ ಒಬ್ಬ ಹವ್ಯಾಸಿಯನ್ನು ಚಿತ್ರಿಸಿಕೊಳ್ಳಬಹುದು. ಹೆಂಡತಿ ಮಕ್ಕಳು ಮಲಗಿದ ಮೇಲೆ, ದೂರವಾಣಿಯ ದರ ಇಳಿಯುವ ಹೊತ್ತನ್ನು ನೋಡಿ, ಆತ ಮೋಡೆಮ್ಮನ್ನು ಎಬ್ಬಿಸುತ್ತಾನೆ. ಊರಿನ ಭೂತದ ಕೋಲದ ಬಗ್ಗೆ, ಅಜ್ಜಿ ಹೇಳುತ್ತಿದ್ದ ಒಗಟುಗಳ ಬಗ್ಗೆ, ತಾನೇ ಬರೆದ ಪಂಚಾಂಗದ ಪ್ರೋಗ್ರಾಮಿನ ಬಗ್ಗೆ ನಾಲ್ಕಾರು ಪುಟಗಳು. ಆದರೆ ಪುಟವನ್ನು ಏರಿಸಿದೊಡನೆ ತೊಂದರೆ ಶುರು. ಆ ಕಾಲದ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿದ್ದವು. ಒಂದೊಂದು ಫಾಂಟಿನ ಜೋಡಣೆ ಒಂದೊಂದು ಬಗೆ. ಓದುವವನ ಗಣಕದಲ್ಲಿ ಅದೇ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆಯ ಮೇಲೆ ಚುಕ್ಕಿ, ಗೆರೆ, ಕೊಂಬು ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಆದುದರಿಂದ ಪ್ರತಿಯೊಂದು ತಾಣದ ಬಾಗಿಲಲ್ಲಿಯೂ ಮೊದಲು ಫಾಂಟನ್ನು ಇಳಿಸಿಕೊಳ್ಳಿರೆಂಬ ಸೂಚನೆ. ಮನೆಗೆ ಬಂದ ಅತಿಥಿಗೆ ಕನ್ನಡಕ ಕೊಟ್ಟು ಒಳಗೆ ಕರೆದುಕೊಂಡಂತೆ. ಯುನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಫಾಂಟಿನೊಡನೆ ಬರುವವರೆಗೆ ಸಾಮಾನ್ಯ ಬಳಕೆದಾರನಿಗೆ ಅದರ ಪ್ರಯೋಜನ ಅಷ್ಟಕ್ಕಷ್ಟೆ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆಮೇಲಿನ ಕೆಲವು ವರ್ಷ ಕನ್ನಡ ಬ್ಲಾಗುಗಳಿಗೆ ಸುಗ್ಗಿಯ ಕಾಲ. ಬರೆದವರಲ್ಲಿ ತಂತ್ರಾಂಶದ ಉದ್ಯೋಗಿಗಳೇ ಬಹುಮಂದಿ.

ಫಾಂಟಿನ ಕಾಲದ ಪುಟಗಳು ಹೀಗೆ ಎರಡು ಸಲ ಸಾಯಬಲ್ಲವು. ತಾಣ ಅಳಿದರೆ ಒಂದು ಸಾವು. ತಾಣ ಉಳಿದು ಫಾಂಟು ಅಳಿದರೆ ಇನ್ನೊಂದು: ಎದುರಿಗೆ ಅಕ್ಷರವಿದ್ದೂ ಓದಲಾಗದು. ಶಾಸನಗಳ ಅಧ್ಯಯನ ಮಾಡಿದವರಿಗೆ ಲಿಪಿ ತಿಳಿಯದ ಕಲ್ಲಿನ ಮುಂದೆ ನಿಲ್ಲುವುದೆಂದರೇನೆಂದು ಗೊತ್ತು. ಅದಕ್ಕಾದರೂ ಸಾವಿರಾರು ವರ್ಷಗಳ ಅಂತರವಿತ್ತು. ಇದಕ್ಕೆ ಇಪ್ಪತ್ತೇ ವರ್ಷ ಸಾಕಾಯಿತು.

ವಿಳಾಸದ ಮಾತಂತೂ ಇನ್ನೂ ಸೂಕ್ಷ್ಮ. ಸ್ವಂತ ಮನೆಯೆಂದು ಹವ್ಯಾಸಿ ಹೆಮ್ಮೆಪಡುವುದು ನಿಜವಾಗಿ ನೋಡಿದರೆ ವರ್ಷಬಾಡಿಗೆಯ ಜಾಗ. ಹೆಸರಿನ ನೋಂದಣಿಗೆ ಪ್ರತಿ ವರ್ಷ ಹಣ ಕಟ್ಟಬೇಕು. ಕಟ್ಟುವ ಕೈ ನಿಂತರೆ ಕೆಲವು ವಾರಗಳ ಗಡುವಿನ ಬಳಿಕ ಆ ಹೆಸರು ಹರಾಜಿನ ವಸ್ತು. ಗಣಿತದ ಒಗಟುಗಳಿದ್ದ ವಿಳಾಸದಲ್ಲಿ ಒಂದು ದಿನ ಜೂಜಿನ ಜಾಹೀರಾತು ಎದುರಾಗುವುದು ಜಾಲದಲ್ಲಿ ಅಲೆದವರಿಗೆ ಅಪರೂಪದ ಅನುಭವವಲ್ಲ. ಆ ಮನೆಯವರು ಆಸಕ್ತಿ ಕಳೆದುಕೊಂಡರೋ, ತೀರಿಕೊಂಡರೋ ಹೇಳುವವರಿಲ್ಲ. ಒಳ್ಳೆಯ ವಿಳಾಸ ಬದಲಾಗಬಾರದೆಂದು ಬರ್ನರ್ಸ್-ಲೀ 1998ರಲ್ಲಿಯೇ ಬರೆದಿದ್ದರು. ಆದರೆ 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ಬಳಿಕ ದೊರೆಯುತ್ತಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನ ಕೇಂದ್ರ 2024ರಲ್ಲಿ ಪ್ರಕಟಿಸಿತು. ಹವ್ಯಾಸಿಗಳ ತಾಣದಲ್ಲಿರುವ 'ನನಗಿಷ್ಟವಾದ ತಾಣಗಳು' ಎಂಬ ಪಟ್ಟಿಗಳು ಈಗ ಬಹುಮಟ್ಟಿಗೆ ಸ್ಮರಣಫಲಕಗಳಂತಿವೆ: ಹೆಸರಿದೆ, ಒತ್ತಿದರೆ ಏನೂ ಇಲ್ಲ. ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳನ್ನು ಓದುವ ಭಾಗ್ಯ ಯಾರಿಗೂ ಇಲ್ಲ. ಕನ್ನಡ ಸಾಹಿತ್ಯದ ಮೊದಲ ಲಭ್ಯ ಗ್ರಂಥವೇ ಹೀಗೆ ಕಡಿದ ಕೊಂಡಿಗಳ ಪಟ್ಟಿಯೊಂದನ್ನು ಒಳಗೊಂಡಿದೆಯೆಂಬುದು ಯೋಚಿಸತಕ್ಕ ಮಾತು.

ಈ ಅಳಿವನ್ನು ಬಹು ಮುಂಚಿತವಾಗಿ ಕಂಡವರಲ್ಲಿ ಆರನ್ ಸ್ವಾರ್ಟ್ಜ್ ಒಬ್ಬ. ಪ್ರೋಗ್ರಾಮುಗಳಲ್ಲಿ ಅಸಾಧಾರಣ ಪ್ರತಿಭೆ ತೋರಿದ ಈ ಹುಡುಗ 2002ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ತನಗೆ ಅಪಘಾತವಾಗಿ ಸತ್ತರೆ ಏನು ಮಾಡಬೇಕೆಂದು ಒಂದು ಪುಟ ಬರೆದು ತನ್ನ ತಾಣದಲ್ಲಿಟ್ಟಿದ್ದ. ತಾಣ ಉಳಿಯಬೇಕು, ಇಂಥ ಗೆಳೆಯ ಅದನ್ನು ನೋಡಿಕೊಳ್ಳಬೇಕು ಎಂಬುದು ಆ ಪುಟದ ವಿಷಯ. ಹುಡುಗಾಟಿಕೆಯಂತೆ ತೋರುವ ಆ ಪುಟವನ್ನು 2013ರ ಜನವರಿಯಲ್ಲಿ ಜನ ಮತ್ತೆ ಓದಬೇಕಾಯಿತು. ಆಗ ಅವನಿಗೆ ಇಪ್ಪತ್ತಾರು ವರ್ಷ. ಮನೆ, ಹೊಲ, ಒಡವೆಗಳಿಗೆ ಉಯ್ಲು ಬರೆಯುವವರು ಬರೆದಿಟ್ಟ ಪುಟಗಳಿಗೆ ಉಯ್ಲು ಬರೆಯುವುದಿಲ್ಲ. ಪ್ರವೇಶಪದ ಹೆಂಡತಿಗೂ ತಿಳಿದಿರುವುದಿಲ್ಲ. ತಿಳಿದರೂ ಆ ಪುಟಗಳಿಗೆ ಬೆಲೆಯುಂಟೆಂಬುದು ಮನೆಯವರಿಗೆ ತಿಳಿದಿರುವ ಸಂಭವ ಕಡಮೆ. ಓಲೆಗರಿಗಳನ್ನು ಬಚ್ಚಲ ಒಲೆಗೆ ಹಾಕಿದ ಮನೆಗಳ ಕಥೆಯನ್ನು ಕನ್ನಡದ ಹಸ್ತಪ್ರತಿ ಸಂಗ್ರಾಹಕರು ಬೇಕಾದಷ್ಟು ಹೇಳಿದ್ದಾರೆ.

ಪೊನ್ನನ ಶಾಂತಿಪುರಾಣ ಉಳಿಯಲೆಂದು ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಸಾವಿರ ವರ್ಷಗಳ ಅನಂತರವೂ ಗ್ರಂಥರಕ್ಷಣೆಗೆ ಅದಕ್ಕಿಂತ ಉತ್ತಮವಾದ ಉಪಾಯ ಹುಟ್ಟಿಲ್ಲ. 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಮಾಡುತ್ತಿರುವುದು ಆ ಕೆಲಸವನ್ನೇ: ಜಾಲದ ಪುಟಗಳ ಪ್ರತಿ ತೆಗೆದಿಡುವುದು. ಸತ್ತ ಎಷ್ಟೋ ತಾಣಗಳು, ಕನ್ನಡದವೂ ಸೇರಿ, ಅಲ್ಲಿ ಛಾಯಾರೂಪದಲ್ಲಿ ಉಳಿದಿವೆ. ಆದರೆ ಕಣಜವೊಂದೇ ಇದ್ದರೆ ಅದರ ಭಯವೂ ಒಂದೇ ಕಡೆ ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳ ದಾಳಿಗೆ ಸಿಕ್ಕಿ ಆ ಸಂಸ್ಥೆ ಕೆಲವು ದಿನ ಬಾಗಿಲು ಹಾಕಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಪ್ರತಿಕಾರರು ಬಂದಿದ್ದಾರೆ. ಭಾಷೆಯನ್ನು ಕಲಿಯುವ ಯಂತ್ರಗಳಿಗಾಗಿ ಪಠ್ಯ ಸಂಗ್ರಹಿಸುವ ಪ್ರೋಗ್ರಾಮುಗಳು ಸಣ್ಣ ತಾಣಗಳ ಬಾಗಿಲನ್ನು ಎಡೆಬಿಡದೆ ತಟ್ಟುತ್ತಿವೆ. ತನ್ನ ತಾಣಕ್ಕೆ ಒಂದೇ ದಿನ ಸಾವಿರಾರು ಓದುಗರು ಬಂದರೆಂದು ಹಿಗ್ಗಿದ ಹವ್ಯಾಸಿ, ದಾಖಲೆಯನ್ನು ತೆರೆದು ನೋಡಿದಾಗ ಅವರಲ್ಲಿ ಮನುಷ್ಯರು ಬೆರಳೆಣಿಕೆಯವರೆಂದು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಉಳಿಸುವ ಕೆಲಸವನ್ನೂ ಕೊನೆಗೆ ಹವ್ಯಾಸಿಗಳೇ ವಹಿಸಿಕೊಂಡಿದ್ದಾರೆ. ಹಳೆಯ ಫಾಂಟುಗಳ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮುಗಳನ್ನು ಬರೆದು, ಮೂಲವನ್ನೂ ತೆರೆದಿಟ್ಟಿದ್ದಾರೆ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಪದ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣದಲ್ಲಿ ತೋರಿಸುವ 'ವಚನ ಸಂಚಯ' ಇಂಥ ಉತ್ಸಾಹಿಗಳ ಬಿಡುವಿನ ವೇಳೆಯ ಫಲ. ಪದಸೂಚಿಯೊಂದನ್ನು ಚೀಟಿಗಳಲ್ಲಿ ಬರೆದು ವಿಂಗಡಿಸಿ ಅನುಭವವುಳ್ಳ ಹಿರಿಯ ಸಂಶೋಧಕರು ಅದರ ಬೆಲೆಯನ್ನು ಬಲ್ಲರು. ಅದನ್ನು ದಿನವೂ ಬಳಸುವ ಕಿರಿಯರು ತಮ್ಮ ಪ್ರಬಂಧದ ಋಣಸ್ಮರಣೆಯಲ್ಲಿ ಅದನ್ನು ಹೆಸರಿಸುವುದನ್ನು ಮರೆಯುವುದೂ ಉಂಟು.

ಪರಿವರ್ತನೆಯಲ್ಲಿ ಎಲ್ಲಕ್ಕಿಂತ ಕಾಡುವುದು ಅರ್ಕಾವೊತ್ತು. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿ ಅದನ್ನು ಅಕ್ಷರದ ಅನಂತರ ಇಟ್ಟಿದ್ದವು. ಯುನಿಕೋಡು ಉಚ್ಚಾರಣೆಯ ಕ್ರಮವನ್ನು ಹಿಡಿದು ರಕಾರವನ್ನು ಮೊದಲಿಗೆ ಬಯಸುತ್ತದೆ. ಪ್ರೋಗ್ರಾಮು ಹಿಂದೆ ಸರಿದು, ಒತ್ತಕ್ಷರ ಗುಣಿತಾಕ್ಷರಗಳನ್ನೆಲ್ಲ ದಾಟಿ, ಸರಿಯಾದ ಜಾಗದಲ್ಲಿ ರಕಾರವನ್ನು ನೆಡಬೇಕು. ಎಷ್ಟು ಸೂಕ್ಷ್ಮವಾಗಿ ಬರೆದರೂ ಎಲ್ಲೋ ಒಂದೆಡೆ ಅದು ಮುಗ್ಗರಿಸುತ್ತದೆ. ಡೊಂಬಿವಲಿಯ ಆ ಹವ್ಯಾಸಿ ಈಗ ನಿವೃತ್ತನಾಗಿದ್ದರೆ, ಇಪ್ಪತ್ತೈದು ವರ್ಷಗಳ ಹಿಂದಿನ ತನ್ನ ಪುಟಗಳನ್ನು ಯಾವುದೋ ಹಳೆಯ ತಟ್ಟೆಯಿಂದ ಹೊರತೆಗೆದು ಇಂಥ ಪ್ರೋಗ್ರಾಮಿನ ಮೂಲಕ ಹಾಯಿಸುತ್ತಿರಬಹುದು. ಭೂತದ ಕೋಲ ಬಂತು, ಒಗಟುಗಳು ಬಂದವು. ಪಂಚಾಂಗದ ಪುಟದಲ್ಲಿ ಮಾತ್ರ ಸೂರ್ಯನ ರಕಾರ ಪಕ್ಕದ ಅಕ್ಷರಕ್ಕೆ ಜಾರಿ ಕುಳಿತಿದೆ. ಆತ ಕನ್ನಡಕವನ್ನು ಮೂಗಿನ ಮೇಲೇರಿಸಿ, ಪುಟದ ಮೊದಲಿನಿಂದ ಮತ್ತೆ ಹುಡುಕಲು ತೊಡಗುತ್ತಾನೆ: ಸೂರ್ಯ, ಕಾರ್ತಿಕ, ಮಾರ್ಗಶಿರ, ಪೂರ್ಣಿಮೆ.